ನಲವತ್ತು ಸುತ್ತು

ಕಿವಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸ್ಪೀಕರು, ಆಂಪ್ಲಿಫೈಯರು ತಯಾರಿಸುವ ಒಂದು ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಸ್ಪೀಕರುಗಳ ವಿನ್ಯಾಸ ಮಾಡಿಕೊಂಡಿದ್ದವರು. ಹೊಸದಾಗಿ ಸೇರಿದ ಎಂಜಿನಿಯರುಗಳನ್ನು ಎದುರಿಗೆ ಕೂರಿಸಿಕೊಂಡು, ಒಂದೇ ಸದ್ದನ್ನು ಹತ್ತು ಸಲ ಕೇಳಿಸಿ, "ಈಗೇನು ಬದಲಾಯ್ತು ಹೇಳಿ" ಎಂದು ಪ್ರಾಣ ಹಿಂಡುತ್ತಿದ್ದರಿಂದ ಈ ಹೆಸರು ಅಂಟಿಕೊಂಡಿತು. ಹೇಳಲಾರದವರ ಕಿವಿಯನ್ನೂ ಹಿಂಡುತ್ತಿದ್ದರು ಎನ್ನುವವರಿದ್ದಾರೆ, ಅದು ಸ್ವಲ್ಪ ಅತಿಯಾಯಿತು. ಅಳತೆಯ ಯಂತ್ರ ಒಂದು ಸ್ಪೀಕರನ್ನು ಎಷ್ಟೇ ಹೊಗಳಲಿ, ಕೊನೆಗೆ ಒಬ್ಬ ಮನುಷ್ಯ ಎದುರಿಗೆ ಕೂತು ಕೇಳಿ ಸೈ ಅನ್ನಬೇಕು. ಆ ಕಂಪನಿಯಲ್ಲಿ ಸೈ ಅನ್ನುವ ಕಿವಿ ಇವರದಾಗಿತ್ತು. ಅದರ ಬಗ್ಗೆ ಅವರಿಗೆ ಹೆಮ್ಮೆ ಇತ್ತು, ಇರಬೇಕಾದ್ದಕ್ಕಿಂತ ಒಂದು ತೂಕ ಹೆಚ್ಚಾಗಿಯೇ ಇತ್ತು.

ಆ ಕಸುಬಿನವರಲ್ಲಿ ಒಂದು ರೂಢಿ ಇದೆ. ಪ್ರತಿಯೊಬ್ಬ ವಿನ್ಯಾಸಗಾರನೂ ತನಗೆ ಚೆನ್ನಾಗಿ ಗೊತ್ತಿರುವ ಒಂದು ಸದ್ದನ್ನು ಇಟ್ಟುಕೊಂಡಿರುತ್ತಾನೆ. ಹೊಸ ಸ್ಪೀಕರು ಸಿದ್ಧವಾದಾಗ ಮೊದಲು ಅದನ್ನು ಹಾಕಿ ಕೇಳುವುದು. ಒಬ್ಬನದು ಪಿಯಾನೊ, ಇನ್ನೊಬ್ಬನದು ಅವನ ಮನೆಯ ಬಾಗಿಲು ಮುಚ್ಚುವ ಸದ್ದು. ಮತ್ತೊಬ್ಬ ಮಹಾಶಯ ತಟ್ಟೆಗೆ ಚಮಚ ಬೀಳಿಸಿ ಅದನ್ನು ಮುದ್ರಿಸಿಕೊಂಡು ಬಂದವನು, ಹದಿನೈದು ವರ್ಷ ಆ ಚಮಚವನ್ನೇ ಬೀಳಿಸಿಕೊಂಡು ಸಂಸಾರ ಸಾಗಿಸಿದ. ಕಿವಿ ಮೇಷ್ಟ್ರದು ಅವರ ಹೆಂಡತಿಯ ಧ್ವನಿ.

ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸಕ್ಕಿದ್ದವರು. ಸಾಲಿನ ಕೊನೆಯಲ್ಲಿ ನಿಂತವರಿಗೂ ಕೇಳಿಸುವ, ಆದರೆ ಎಂದೂ ಕಿರುಚಾಟವಾಗದ ತುಂಬಿದ ಧ್ವನಿ. ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ಮೇಷ್ಟ್ರು, ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಕೊಂಡ ಹಳೆಯ ಮೈಕನ್ನು ಮನೆಯ ಹಾಲಿನಲ್ಲಿ ನಿಲ್ಲಿಸಿ, ಹೊಸ ಇಸ್ತ್ರಿಪೆಟ್ಟಿಗೆಯ ಜೊತೆ ಬಂದಿದ್ದ ಸೂಚನೆಯ ಕಾಗದವನ್ನು ಆಕೆಯ ಕೈಗೆ ಕೊಟ್ಟರು.

"ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನ್ನ ಕೈಲಿ ಓದಿಸೋಕೆ ನಿಮಗೆ ಇದೇ ಸಿಕ್ಕಿತಾ?" ಎಂದರು ಆಕೆ.

"ಕತೆ ಓದಿದ್ರೆ ಮನಸ್ಸು ಕತೆ ಕಡೆ ಹೋಗತ್ತೆ. ಇದಾದ್ರೆ ನಿನ್ನ ಧ್ವನಿ ಬಿಟ್ಟು ಬೇರೇನೂ ಕೇಳಿಸಲ್ಲ."

"ಹಾಗಾದ್ರೆ ಸರಿ," ಎಂದು ಆಕೆ ಓದಿದರು. ಮೂರು ನಿಮಿಷ. ತಂತಿಯನ್ನು ಬಿಸಿ ಪೆಟ್ಟಿಗೆಗೆ ಸುತ್ತಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು, ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ವಾಕ್ಯದ ನಡುವೆಯೇ ಅಲ್ಲಲ್ಲಿ ನಿಲ್ಲಿಸುತ್ತಿದ್ದರು. ಓದಿ ಅಭ್ಯಾಸವಿಲ್ಲ, ಅದಕ್ಕೆ, ಎಂದುಕೊಂಡರು ಮೇಷ್ಟ್ರು.

ಮರುದಿನ ಕಂಪನಿಯಲ್ಲಿ ಟೇಪು ಹಾಕಿ ಕೇಳಿದಾಗ ಅವರ ಮುಖ ಗಂಟಿಕ್ಕಿತು. ಧ್ವನಿ ತೆಳ್ಳಗೆ ಬಂದಿತ್ತು, ಗಾಳಿ ಬೆರೆತ ಹಾಗೆ, ಮೈಯೇ ಇಲ್ಲದ ಹಾಗೆ. ಹಾಳು ಮೈಕು ಕೆಳಗಿನ ಸ್ವರವನ್ನೆಲ್ಲ ನುಂಗಿಬಿಟ್ಟಿದೆ ಎಂದು ಬೈದುಕೊಂಡರು. ಮತ್ತೊಮ್ಮೆ ಓದಿಸಬಹುದಿತ್ತು, ಓದಿಸಲಿಲ್ಲ. ಮೂಲ ಧ್ವನಿ ನನಗೆ ಗೊತ್ತಿರುವಾಗ ಮುದ್ರಣದ ಕೊರತೆ ಏನು ಮಹಾ, ಆ ಧ್ವನಿ ಬರುವ ತನಕ ಸ್ಪೀಕರನ್ನು ಹದ ಮಾಡಿದರಾಯಿತು ಎಂಬ ಧೈರ್ಯ. ಸ್ಪೀಕರಿನ ಪೆಟ್ಟಿಗೆಯೊಳಗೆ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್ ಇರುತ್ತದೆ. ಸುತ್ತು ಹೆಚ್ಚಿಸಿದರೆ ಧ್ವನಿ ದಪ್ಪಗೆ, ಬೆಚ್ಚಗೆ ಆಗುತ್ತದೆ. ಬಿಚ್ಚಿದರೆ ತೆಳ್ಳಗೆ, ಬಿಡಿಬಿಡಿಯಾಗಿ ಕೇಳಿಸುತ್ತದೆ. ಮೇಷ್ಟ್ರು ಸುತ್ತು ಹೆಚ್ಚಿಸುತ್ತ ಹೋದರು. ಒಂದು ಹಂತದಲ್ಲಿ ಹೆಂಡತಿ ಎದುರಿಗೇ ಕೂತು ಓದುತ್ತಿರುವಂತೆ ಕೇಳಿಸಿತು. ಅಲ್ಲಿಗೆ ನಿಲ್ಲಿಸಿ ಸೈ ಎಂದರು.

ಅದಾದ ಒಂದೂವರೆ ವರ್ಷಕ್ಕೆ ಆಕೆ ತೀರಿಕೊಂಡರು. ಶ್ವಾಸಕೋಶದಲ್ಲಿ ಗಡ್ಡೆ, ತಿಳಿಯುವ ಹೊತ್ತಿಗೆ ಕೈಮೀರಿತ್ತು. ಮತ್ತೊಮ್ಮೆ ಓದಿಸುವ ಮಾತೇ ಉಳಿಯಲಿಲ್ಲ. ಆಮೇಲೆ ಬಂದ ಪ್ರತಿ ಸ್ಪೀಕರಿಗೂ ಮೇಷ್ಟ್ರು ಅದೇ ಟೇಪು ಹಾಕಿದರು, ಆಕೆ ಎದುರಿಗೆ ಬಂದು ಕೂರುವ ತನಕ ಸುತ್ತು ಹಾಕಿದರು. ಬೇರೆಯವರು ಹೆಂಡತಿಯ ಫೋಟೊದ ಮುಂದೆ ದೀಪ ಹಚ್ಚಿದರೆ ಇವರು ತಂತಿ ಸುತ್ತುತ್ತಿದ್ದರು ಅನ್ನಬಹುದು.

ಇತ್ತ ಕಂಪನಿ ಕೈ ಬದಲಾಯಿತು. ಹೊಸದಾಗಿ ಬಂದವರಿಗೆ ಸ್ಪೀಕರು ಮಾಡುವ ಉಸಾಬರಿಯೇ ಬೇಡವಾಗಿತ್ತು. ಎಲ್ಲಿಂದಲೋ ಸಿದ್ಧಮಾಲು ತರಿಸಿ ಹೆಸರಿನ ಚೀಟಿ ಅಂಟಿಸುವುದು ಅವರ ಬುದ್ಧಿವಂತಿಕೆ. ಚೀಟಿ ಅಂಟಿಸುವುದಕ್ಕೆ ಕಿವಿ ಯಾಕೆ ಬೇಕು? ಪಿಯಾನೊದವನು ಬಿಟ್ಟು ಹೋಗಿ ಹೆಡ್‌ಫೋನು ಮಾಡತೊಡಗಿದ. ಬಾಗಿಲಿನವನು, ಚಮಚದವನು ಇಬ್ಬರೂ ಸೇರಿ ಆಂಪ್ಲಿಫೈಯರಿಗೆ ಕೈ ಹಾಕಿದರು. ವಾರಕ್ಕೊಂದು ಬೀಳ್ಕೊಡುಗೆ, ವಾರಕ್ಕೊಂದು ಕೇಕು; ಉಳಿದವರಿಗೆ ಕೇಕು ಕಂಡರೆ ವಾಕರಿಕೆ ಬರುವಂತಾಯಿತು. ಅಳತೆಯ ಕೋಣೆಯ ಎಂಜಿನಿಯರಮ್ಮ ಒಂದು ಬೆಳಿಗ್ಗೆ ಬಂದು ನೋಡಿದರೆ ಆ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಎಲ್ಲರೂ ಆಕೆಯನ್ನು ಮೀಟರಮ್ಮ ಎನ್ನುತ್ತಿದ್ದರು. ಕಣ್ಣಿಗೆ ಕಂಡ ಗೆರೆಯನ್ನು ಬಿಟ್ಟು ಯಾವುದನ್ನೂ ನಂಬುವವಳಲ್ಲ. ಕಿವಿಗೂ ಮೀಟರಿಗೂ ಎಣ್ಣೆ ಸೀಗೆಕಾಯಿ ಎಂದು ಕ್ಯಾಂಟೀನಿನಲ್ಲಿ ನಗೆಯಾಡುತ್ತಿದ್ದರು. ಆದರೂ ಅಂದು ಮೇಷ್ಟ್ರು ಹೋಗಿ, "ನಾವಿಬ್ಬರೂ ಸೇರಿ ಏನಾದ್ರೂ ಮಾಡೋಣ್ವ?" ಎಂದಾಗ ಆಕೆ ಕೂತಿದ್ದ ರಟ್ಟಿನ ಪೆಟ್ಟಿಗೆಯ ಮೇಲಿನಿಂದ ಎದ್ದು, "ನಡೀರಿ," ಎಂದಳು.

ಕೆಲಸ ಬಿಡುವ ದಿನ ಮೇಷ್ಟ್ರು ಕಂಪನಿಯಿಂದ ಕೇಳಿದ್ದು ಒಂದನ್ನೇ, ಆ ಟೇಪನ್ನು. ಕಂಪನಿಯ ಕಪಾಟಿನಲ್ಲಿದ್ದ ಮೇಲೆ ಅದು ಕಂಪನಿಯದೇ ಎಂದು ಗೇಟಿನವನು ಹಟ ಹಿಡಿದ. ಕೊನೆಗೆ ಚೀಟಿ ಬರೆಸಬೇಕಾಯಿತು. ವಸ್ತು: ಹೆಂಗಸಿನ ಧ್ವನಿ. ಸಂಖ್ಯೆ: ಒಂದು. ಹಿಂತಿರುಗಿಸುವುದೇ: ಇಲ್ಲ. ಗೇಟಿನವನು ಅದನ್ನು ಎರಡು ಸಲ ಓದಿ, ಮೇಷ್ಟ್ರ ಮುಖ ನೋಡಿ, ಮುದ್ರೆ ಒತ್ತಿ ಕೊಟ್ಟ.

ಇವರಿಬ್ಬರಿಗೆ ಸಿಕ್ಕಿದ್ದು ಮುಚ್ಚಿಹೋಗಿದ್ದ ಒಂದು ಬಟ್ಟೆ ಒಗೆಯುವ ಅಂಗಡಿ. ನೆಲದ ಮಧ್ಯೆ ನೀರು ಹೋಗುವ ಕಿಂಡಿ, ಛಾವಣಿಯ ತುಂಬ ಕೋಟು ನೇತುಹಾಕುವ ಕೊಕ್ಕೆಗಳು, ಎಷ್ಟು ಗಾಳಿಯಾಡಿಸಿದರೂ ಬಿಡದ ಸೋಪಿನ ವಾಸನೆ. ಗಾಜಿನ ಬಾಗಿಲಿನ ಅಕ್ಷರಗಳನ್ನು ಕೆರೆದರೂ "ಒಂದೇ ದಿನದಲ್ಲಿ" ಎಂಬಷ್ಟು ಮಾತ್ರ ಉಳಿದುಕೊಂಡಿತು. ವಾರಕ್ಕಿಬ್ಬರಾದರೂ ಬಂದು ತಮ್ಮ ಕೋಟು ಎಲ್ಲಿ ಎಂದು ಕೇಳುತ್ತಿದ್ದರು. "ಕೋಟಿಲ್ಲ, ಸ್ಪೀಕರಿದೆ, ಕೇಳ್ತೀರಾ?" ಎನ್ನುತ್ತಿದ್ದರು ಮೇಷ್ಟ್ರು. ಒಬ್ಬ ಮುದುಕ ಕೂತು ಕೇಳಿಯೂ ಹೋದ, ಕೋಟಿನ ರಸೀದಿ ಮಾತ್ರ ಮೇಜಿನ ಮೇಲೆ ಬಿಟ್ಟು ಹೋದ.

ಇವರಿಬ್ಬರ ಆಸೆ ಚಿಕ್ಕದು. ದೊಡ್ಡ ಸದ್ದಿನ, ಎದೆ ನಡುಗಿಸುವ ಸ್ಪೀಕರು ಬೇಡ, ಮನುಷ್ಯನ ಮಾತು ಮಾತಿನ ಹಾಗೆ ಕೇಳಿಸುವ ಸ್ಪೀಕರು ಮಾಡಬೇಕು. ಅಂಥದ್ದನ್ನು ಯಾರು ಕೊಳ್ಳುತ್ತಾರೆ ಎಂದು ಹೊರಗಿನವರು ಮೂಗು ಮುರಿಯುತ್ತಿರುವಾಗಲೇ ಕೊಳ್ಳುವವರು ಬಂದರು. ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಓದಿ ಮುದ್ರಿಸಿಡುವ ಒಂದು ಗ್ರಂಥಾಲಯ. ಹನ್ನೆರಡು ಕೋಣೆಗಳಿಗೆ ಹನ್ನೆರಡು ಜೊತೆ ಬೇಕು, ಮೊದಲು ಒಂದು ಜೊತೆ ಕಳಿಸಿ, ನಮ್ಮ ಓದುಗರು ಕೇಳಿ ಒಪ್ಪಲಿ ಎಂದರು. ಮೇಷ್ಟ್ರು ಮೂರು ತಿಂಗಳು ಹಗಲೆಲ್ಲ ಕೂತು ಮೊದಲ ಜೊತೆಯನ್ನು ಹದ ಮಾಡಿದರು. ಟೇಪು ಹಾಕಿದರು, ಸುತ್ತು ಹಾಕಿದರು. ಹೆಂಡತಿ ಬಂದು ಎದುರಿಗೆ ಕೂತರು, ಇಸ್ತ್ರಿಪೆಟ್ಟಿಗೆಯ ಕಾಗದ ಓದಿದರು. ಮೇಷ್ಟ್ರು ಕಣ್ಣೊರೆಸಿಕೊಂಡು ಸೈ ಎಂದರು.

ನಾಲ್ಕನೇ ದಿನಕ್ಕೆ ಆ ಜೊತೆ ವಾಪಸು ಬಂತು. ಅದರೊಂದಿಗೆ ಗ್ರಂಥಾಲಯದ ಹಿರಿಯ ಓದುಗರೊಬ್ಬರೂ ಬಂದರು. ವಕೀಲಿ ಮಾಡಿ ನಿವೃತ್ತರಾದವರು, ಹುಟ್ಟಿನಿಂದ ಕಣ್ಣು ಕಾಣದವರು. ಕುರ್ಚಿಯನ್ನು ತಡವಿ ಕೂತು, ಸುತ್ತುಬಳಸದೆ ಹೇಳಿದರು:

"ಪೆಟ್ಟಿಗೆ ಕೆಲಸ ಚೆನ್ನಾಗಿದೆ, ಮುಟ್ಟಿ ನೋಡಿದೆ. ಆದ್ರೆ ನಮಗೆ ಓದಿ ಹೇಳೋರೆಲ್ಲ ಪೀಪಾಯಿಯೊಳಗೆ ಕೂತು ಓದಿದ ಹಾಗಿದೆ. ಹೆಂಗಸರು ಗಂಡಸರು ಎಲ್ಲರೂ. ಒಂದು ವಾರ ಟೈಮ್ ಕೊಡ್ತೀವಿ, ಸರಿಮಾಡಿ. ಇಲ್ಲಾಂದ್ರೆ ನಾವು ಬೇರೆ ಕಡೆ ನೋಡಬೇಕಾಗತ್ತೆ. ನನಗೇನೋ ನಿಮ್ಮದೇ ಆಗಲಿ ಅಂತಿದೆ."

ಅವರನ್ನು ಕಾರು ಹತ್ತಿಸಿ ಬಂದ ಮೇಲೂ ಮೇಷ್ಟ್ರು, "ಅವರ ಮುದ್ರಣವೇ ಸರಿ ಇಲ್ಲ," ಎಂದು ಗೊಣಗುತ್ತಿದ್ದರು. ಮೀಟರಮ್ಮ ಸ್ಪೀಕರಿನ ಬೆನ್ನಿನ ತಿರುಪುಮೊಳೆಗಳನ್ನು ಬಿಚ್ಚುತ್ತ ತಲೆ ಎತ್ತದೆ ಹೇಳಿದಳು:

"ಮೇಷ್ಟ್ರೇ, ಒಂದು ಮಾತು ಹೇಳ್ತೀನಿ. ಬೈಬೇಡಿ."

"ಬೈಯೋ ಹಾಗಿದ್ರೆ ಬೈತೀನಿ. ಹೇಳು."

"ಕಂಪನಿಯಲ್ಲಿ ನೀವು ಸೈ ಅಂದ ಮೇಲೆ ಪೆಟ್ಟಿಗೆ ನನ್ನ ಕೋಣೆಗೆ ಬರ್ತಿತ್ತಲ್ಲ. ಆಗ ನಾನು ಕಾಯಿಲ್ ಬಿಚ್ತಿದ್ದೆ. ನಲವತ್ತು ಸುತ್ತು. ಒಂದೊಂದ್ಸಲ ಮೂವತ್ತೆಂಟು, ಹೆಚ್ಚುಕಮ್ಮಿ ನಲವತ್ತು."

"ಯಾವ ಸ್ಪೀಕರಿಗೆ?"

"ಎಲ್ಲದಕ್ಕೂ. ಹತ್ತು ವರ್ಷ."

ಮೇಷ್ಟ್ರು ಬೈಯಲಿಲ್ಲ. ಹತ್ತು ವರ್ಷದಲ್ಲಿ ಕಂಪನಿಯಿಂದ ಹೊರಗೆ ಹೋದ ಯಾವ ಸ್ಪೀಕರಿನಲ್ಲೂ ಅವರು ಕೇಳಿದ ಧ್ವನಿ ಇರಲಿಲ್ಲ. ಜನ ಹೊಗಳಿದ್ದು, ಪತ್ರಿಕೆಯವರು ಬರೆದದ್ದು, ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ್ದು ಎಲ್ಲವೂ ಈ ಹುಡುಗಿ ಬಿಚ್ಚಿದ ನಲವತ್ತು ಸುತ್ತಿಗೆ.

"ದೊಡ್ಡ ಸಾಹೇಬರಿಗೆ ಹೇಳಿದ್ದೆ," ಎಂದಳು ಮೀಟರಮ್ಮ. "ಅಷ್ಟರಲ್ಲಿ ಅಮ್ಮೋರಿಗೆ ಹುಷಾರಿಲ್ಲ ಅಂತಾಯ್ತು. ಈಗ ಅವರಿಗೆ ಹೇಳಬೇಡಮ್ಮ, ನೀನೇ ಸರಿಮಾಡ್ಕೊಂಡು ಕಳಿಸು ಅಂದ್ರು. ಆಮೇಲೆ ಹೇಳೋಕೆ ಸರಿಯಾದ ಹೊತ್ತು ಅಂತ ಬರಲೇ ಇಲ್ಲ."

"ಇಲ್ಲಿ ಯಾಕೆ ಬಿಚ್ಚಲಿಲ್ಲ ಮತ್ತೆ?"

"ಅಲ್ಲಿ ಹೆಸರು ಕಂಪನಿಯದು. ಇಲ್ಲಿ ನಮ್ಮಿಬ್ಬರದು. ಕದ್ದು ಮಾಡೋಕೆ ಮನಸ್ಸಾಗಲಿಲ್ಲ." ಸ್ವಲ್ಪ ತಡೆದು ಸೇರಿಸಿದಳು: "ನಿಮ್ಮ ಕಿವಿ ಕೆಟ್ಟಿದೆ ಅಂತ ನಾನು ಹೇಳ್ತಿಲ್ಲ. ಆ ಟೇಪು ಬರೋಕೆ ಮುಂಚೆ ನಿಮ್ಮ ಕೆಲಸದಲ್ಲಿ ಒಂದು ಸುತ್ತೂ ಮುಟ್ಟಬೇಕಾಗಿರಲಿಲ್ಲ. ಮೀಟರ್ ಹೇಳೋದನ್ನೇ ನಿಮ್ಮ ಕಿವಿ ಹೇಳ್ತಿತ್ತು. ಎಲ್ಲ ಆ ಹಾಳು ಮೈಕಿನ ತಪ್ಪು. ತನ್ನಿ ಅದನ್ನ, ಅಳೆದು ತೋರಿಸ್ತೀನಿ. ಅದೆಷ್ಟು ತಿಂದಿದೆ ಅಂತ ಗೊತ್ತಾದ್ರೆ ಅಷ್ಟನ್ನ ಟೇಪಿಗೆ ಕೂಡಿಸಿ ಕೇಳಿದ್ರಾಯ್ತು."

ಅವಳ ಮಾತಿನಲ್ಲಿ ಸಮಾಧಾನವಿತ್ತು, ಮೇಷ್ಟ್ರಿಗೆ ಅದು ಬೇಕಾಗಿತ್ತು. ಮನೆಗೆ ಹೋಗಿ ಅಟ್ಟದಿಂದ ಮೈಕು ಇಳಿಸಿಕೊಂಡು ಬಂದರು. ಮೀಟರಮ್ಮ ತನ್ನ ಅಳತೆಯ ಮೈಕಿನ ಪಕ್ಕದಲ್ಲಿ ಅದನ್ನು ನಿಲ್ಲಿಸಿ, ಕೆಳಗಿನ ಸ್ವರದಿಂದ ಮೇಲಿನ ಸ್ವರದ ತನಕ ಒಂದೇ ಸದ್ದನ್ನು ಎರಡಕ್ಕೂ ಕೇಳಿಸಿದಳು. ಪರದೆಯ ಮೇಲೆ ಎರಡು ಗೆರೆ ಬಂದವು. ಒಂದರ ಮೇಲೊಂದು ಕೂತಿದ್ದವು. ಎಲ್ಲೂ ತಗ್ಗಿಲ್ಲ. ಮೈಕು ಏನನ್ನೂ ತಿಂದಿರಲಿಲ್ಲ.

ಅವಳು ಮೂರು ಸಲ ಅಳೆದಳು. ಮೂರನೇ ಸಲ ಅವಳೇ ಕಕ್ಕಾಬಿಕ್ಕಿಯಾಗಿ ಮೇಷ್ಟ್ರ ಕಡೆ ನೋಡಿದಳು. "ನಿನ್ನ ಮೀಟರ್ ಸರಿ ಇಲ್ಲ," ಎಂದರು ಮೇಷ್ಟ್ರು. ಛತ್ರಿ ತೆಗೆದುಕೊಂಡು ಹೊರಟೇಬಿಟ್ಟರು.

ಮರುದಿನ ಬೆಳಿಗ್ಗೆ ಅವಳು ಬರುವ ಮೊದಲೇ ಅವರು ಅಂಗಡಿಯ ಬಾಗಿಲು ತೆಗೆದರು. ವಾಪಸು ಬಂದ ಸ್ಪೀಕರಿನ ಜೋಡಿ ಮೇಜಿನ ಮೇಲಿತ್ತು. ಮೀಟರಮ್ಮ ಹಿಂದಿನ ಸಂಜೆಯೇ ನಲವತ್ತು ಸುತ್ತು ಬಿಚ್ಚಿ, ಬಿಚ್ಚಿದ ತಂತಿಯನ್ನು ಉಂಡೆ ಕಟ್ಟಿ ಪಕ್ಕದಲ್ಲಿಟ್ಟು ಹೋಗಿದ್ದಳು. ಇದು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ಅವಳಿಗೆ ತೋರಿಸಿಯೇ ಬಿಡಬೇಕು ಎಂದು ಮೇಷ್ಟ್ರು ಟೇಪು ಹಾಕಿದರು. ಯಾವಾಗಲೂ ಹೆಂಡತಿಯ ಮೊದಲ ಮಾತಿನಿಂದ ಶುರು ಮಾಡುತ್ತಿದ್ದವರು, ಆ ದಿನ ಕೋಪದಲ್ಲಿ ಟೇಪನ್ನು ತೀರ ಹಿಂದಕ್ಕೆ ಓಡಿಸಿದ್ದರು.

ಮೊದಲು ಗಂಡಸಿನ ಧ್ವನಿ ಬಂತು. "ಒಂದು, ಎರಡು, ಮೂರು. ಹೂಂ, ಇನ್ನು ಓದು." ಅವರದೇ ಧ್ವನಿ. ಹನ್ನೊಂದು ವರ್ಷ ಚಿಕ್ಕದು, ಅಷ್ಟೆ. ಗಟ್ಟಿಯಾಗಿ, ಮೈ ತುಂಬಿಕೊಂಡು, ಇದ್ದದ್ದು ಇದ್ದ ಹಾಗೆ ಬಂತು. ಮೈಕು ಅವರ ಧ್ವನಿಯಿಂದ ಎಳ್ಳಷ್ಟೂ ಕದ್ದಿರಲಿಲ್ಲ. ಅದರ ಹಿಂದೆಯೇ, ಅದೇ ಮೈಕಿನಲ್ಲಿ, ಅದೇ ಕೋಣೆಯಲ್ಲಿ, ಅದೇ ಕುರ್ಚಿಯ ಹತ್ತಿರದಿಂದ ಹೆಂಡತಿಯ ಧ್ವನಿ ಬಂತು. ತೆಳ್ಳಗೆ, ಗಾಳಿ ಬೆರೆತು. ತಂತಿಯನ್ನು ಬಿಸಿ ಪೆಟ್ಟಿಗೆಗೆ, ಎಂದು ನಿಂತು, ಉಸಿರು ತೆಗೆದುಕೊಂಡು, ಸುತ್ತಬಾರದು ಎಂದಿತು.

ಮೇಷ್ಟ್ರು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದರು. ಇನ್ನೊಮ್ಮೆ ಕೇಳಿದರು. ಅವರಿಗೆ ಆಸ್ಪತ್ರೆಯ ಆ ಕೋಣೆ ನೆನಪಾಯಿತು. ಡಾಕ್ಟರು ಕೇಳಿದ್ದರು, ಇವರ ಧ್ವನಿ ಯಾವಾಗಿನಿಂದ ಹೀಗಿದೆ? ಗಡ್ಡೆ ಧ್ವನಿಯ ನರವನ್ನು ಒತ್ತಿದರೆ ಹೀಗಾಗುತ್ತದೆ, ಅದಕ್ಕೆ ಕೇಳಿದೆ. ಹೆಂಡತಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಉತ್ತರ ಕೊಟ್ಟಿದ್ದರು. ಒಂದು ತಿಂಗಳಿಂದ, ಡಾಕ್ಟ್ರೇ, ಅದಕ್ಕಿಂತ ಹೆಚ್ಚಿಲ್ಲ, ಕೇಳೋದೇ ನನ್ನ ಕಸುಬು. ಡಾಕ್ಟರು ಒಂದು ತಿಂಗಳು ಎಂದು ಬರೆದುಕೊಂಡಿದ್ದರು. ಟೇಪಿನ ಮೇಲೆ ಮೇಷ್ಟ್ರ ಕೈಬರಹದಲ್ಲೇ ತಾರೀಕಿತ್ತು, ಆಸ್ಪತ್ರೆಯ ಆ ದಿನಕ್ಕಿಂತ ಹದಿನಾಲ್ಕು ತಿಂಗಳು ಹಿಂದಿನದು. ಕಾಯಿಲೆ ಮಾತಾಡಿದಾಗ ಅವರು ಮೈಕನ್ನು ಬೈದಿದ್ದರು. ಕಾಯಿಲೆ ತಿಂದ ಧ್ವನಿಯನ್ನು ತಂತಿ ಸುತ್ತಿ ತುಂಬಿ, ಈಗ ಸರಿಯಾಯಿತು ಎಂದು ಸೈ ಅಂದಿದ್ದರು. ತಮ್ಮ ಮೇಲೆ ತಮಗೆ ಇಷ್ಟು ಅಸಹ್ಯ ಅವರಿಗೆ ಎಂದೂ ಆಗಿರಲಿಲ್ಲ.

ಮೀಟರಮ್ಮ ಬಂದಾಗ ಅವರು ಟೇಪನ್ನು ಡಬ್ಬಿಗೆ ಹಾಕಿ ಮುಚ್ಚುತ್ತಿದ್ದರು. "ಹನ್ನೆರಡು ಜೊತೆಗೂ ನಿನ್ನ ಲೆಕ್ಕದ ಹಾಗೇ ಸುತ್ತು," ಎಂದರು. "ಮೀಟರ್ ಸರಿಯಾಗೇ ಇದೆ." ಅವಳು ಅವರ ಮುಖ ನೋಡಿ, ತಂತಿಯ ಉಂಡೆಯನ್ನು ಎತ್ತಿಕೊಂಡು ಕೆಲಸಕ್ಕೆ ಕೂತಳು.

ಆ ಸ್ಪೀಕರುಗಳು ಗ್ರಂಥಾಲಯಕ್ಕೆ ಹೋದವು. ಓದುವವರು ಈಗ ನಮ್ಮ ಪಕ್ಕದಲ್ಲೇ ಕೂತಿರುತ್ತಾರೆ ಎಂದು ವಕೀಲರು ಫೋನು ಮಾಡಿ ಹೇಳಿದರು, ಇನ್ನೂ ಎರಡು ಗ್ರಂಥಾಲಯದವರು ಕೇಳಿಕೊಂಡು ಬಂದರು. ಅಂಗಡಿ ತನ್ನ ಕಾಲ ಮೇಲೆ ನಿಂತಿತು. ಆದರೆ ಅದೆಲ್ಲ ಆಮೇಲಿನ ಮಾತು. ಟೇಪು ಕೇಳಿದ ದಿನವೇ ಮಧ್ಯಾಹ್ನ ಮೇಷ್ಟ್ರು ಎರಡು ಬೀದಿ ದಾಟಿ ಮಗಳ ಹತ್ತಿರ ಹೋದರು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹನ್ನೊಂದು ವರ್ಷದ ಹಿಂದೆ ಬೇರೆ ಊರಿನಲ್ಲಿದ್ದವಳು. ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು, ಕಾಯಿಲೆಯ ಸುದ್ದಿ ತಿಳಿದ ಮೇಲೆಯೇ ವಾಪಸು ಬಂದದ್ದು.

ಗಿರಾಕಿಗಳು ಕೂರುವ ಎತ್ತರದ ಕುರ್ಚಿಯಲ್ಲಿ ಅವರನ್ನು ಕೂರಿಸಿದಳು. ನಾಲ್ಕು ಕಡೆ ಕನ್ನಡಿ; ಎತ್ತ ತಿರುಗಿದರೂ ಮೇಷ್ಟ್ರಿಗೆ ತಮ್ಮ ಮುಖವೇ ಕಾಣುತ್ತಿತ್ತು.

"ಊಟ ಆಯ್ತಾ?" ಎಂದಳು ಮಗಳು, ಸಣ್ಣ ತಿರುಪುಳಿಯಿಂದ ಒಂದು ಕನ್ನಡಕದ ಕಾಲನ್ನು ಬಿಗಿಮಾಡುತ್ತ.

"ಒಂದು ವಿಷಯ ಕೇಳಬೇಕಿತ್ತು. ನೀನು ಆ ಊರಲ್ಲಿದ್ದಾಗ, ಇನ್ನೂ ಕಾಯಿಲೆ ಗೊತ್ತಾಗೋ ಮುಂಚೆ, ಫೋನಲ್ಲಿ ಅಮ್ಮನ ಧ್ವನಿ ಹೇಗಿತ್ತು?"

ಮಗಳು ತಿರುಪುಳಿ ಕೆಳಗಿಟ್ಟಳು. "ಈಗ್ಯಾಕಪ್ಪ ಅದು?"

"ಹೇಳು ಪರವಾಗಿಲ್ಲ."

"ತೆಳ್ಳಗಾಗಿತ್ತು," ಎಂದಳು. "ಮಾತಿನ ಮಧ್ಯೆ ಮಧ್ಯೆ ಉಸಿರು ತಗೋತಿದ್ದಳು. ಶೀತ ಆಗಿದೆಯೇನೇ ಅಂತ ಎರಡು ಮೂರು ಸಲ ಕೇಳಿದೆ. ತಿಂಗಳಾದ್ರೂ ಹಾಗೇ ಇತ್ತು. ಡಾಕ್ಟ್ರಿಗೆ ತೋರಿಸು ಅಂತ ಜಗಳಾನೂ ಆಡಿದೆ."

"ತೋರಿಸಲಿಲ್ಲ."

"ತೋರಿಸಲಿಲ್ಲ."

"ನನಗಾದ್ರೂ ಒಂದು ಮಾತು ಹೇಳಬಾರದಿತ್ತಾ ನೀನು?"

ಮಗಳು ಆಗಲೇ ಒರೆಸಿಟ್ಟಿದ್ದ ಗಾಜನ್ನು ಮತ್ತೆ ಒರೆಸಿದಳು. ಹೇಳಲೋ ಬೇಡವೋ ಎಂದು ಅವಳು ಹಿಂಜರಿಯುತ್ತಿರುವುದು ನಾಲ್ಕೂ ಕನ್ನಡಿಯಲ್ಲಿ ಕಾಣುತ್ತಿತ್ತು.

"ಹೇಳ್ತೀನಿ ಅಂದೆ. ಅಮ್ಮನೇ ಬೇಡ ಅಂದಳು. ನಿಮ್ಮಪ್ಪನ ಕಿವಿ ನಿನಗೆ ಗೊತ್ತಿಲ್ವೇನೆ, ನನ್ನ ಧ್ವನೀಲಿ ಏನಾದ್ರೂ ಕೆಟ್ಟಿದ್ರೆ ನನಗಿಂತ ಮೊದಲು ಅವರಿಗೆ ಗೊತ್ತಾಗ್ತಿತ್ತು. ಅವರೇ ಏನೂ ಅಂದಿಲ್ಲ ಅಂದ್ಮೇಲೆ ಏನೂ ಇಲ್ಲ ಬಿಡು, ಅಂದಳು."

ಮೇಷ್ಟ್ರು ಹೂಂ ಎಂದರು. ಗಿರಾಕಿಯೊಬ್ಬರು ಒಳಗೆ ಬಂದು, ಕುರ್ಚಿ ಖಾಲಿಯಾಗಲೆಂದು ಕಾಯುತ್ತ ನಿಂತರು. ಏಳಬೇಕೆಂದು ಮೇಷ್ಟ್ರಿಗೆ ಗೊತ್ತಿತ್ತು, ಆದರೆ ಎಷ್ಟು ಹೊತ್ತಾದರೂ ಅವರಿಂದ ಏಳಲಾಗಲಿಲ್ಲ.